ಅಣ್ಣನ ಟ್ರಂಪೆಟ್ಟಿನ ಎರಡನೇ ಪಿಸ್ಟನ್

ಆ ಶನಿವಾರ ಮಧ್ಯಾಹ್ನ ಅಣ್ಣ ಸಾಂಗ್ಲಿಯ ನನ್ನ ಅಂಗಡಿಗೆ ಬಂದಾಗ ನಾನು ಒಂದು ಹೊಲಿಗೆ ಮಷಿನಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದೆ. ಶಾಲೆ ಶುರುವಾಗುವ ಮುಂಚಿನ ದಿನಗಳು. ಸಮವಸ್ತ್ರ ಹೊಲಿಯುವವರ ಮಷಿನುಗಳೆಲ್ಲ ಒಟ್ಟಿಗೇ ಕೆಡುವ ಕಾಲ. ರಿಪೇರಿಗೆ ಬಂದ ಏಳು ಮಷಿನುಗಳು ನೆಲದ ಮೇಲೆ ಸಾಲಾಗಿ ಕೂತಿದ್ದವು. ಎಂಟನೆಯದರ ಒಡತಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಳು.

ಅಣ್ಣ ಮಿರಜದ ಒಂದು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಒಂದು ಸಣ್ಣ ಬಾಟಲಿಗೆ ನನ್ನಿಂದ ಮಷಿನ್ ಎಣ್ಣೆ ತುಂಬಿಸಿಕೊಂಡು ಹೋಗುವುದು ಅವನ ರೂಢಿ. ಟ್ರಂಪೆಟ್ಟಿಗೆ ಬೆರಳಿನಿಂದ ಒತ್ತುವ ಮೂರು ಗುಂಡಿಗಳಿರುತ್ತವೆ. ಒಂದೊಂದರ ಕೆಳಗೂ ಒಂದೊಂದು ಪಿಸ್ಟನ್, ಹಿತ್ತಾಳೆಯ ಕೊಳವೆಯೊಳಗೆ ಏರಿಳಿಯುತ್ತದೆ. ಒತ್ತಿದರೆ ಇಳಿಯಬೇಕು, ಬಿಟ್ಟರೆ ಸ್ಪ್ರಿಂಗ್ ಅದನ್ನು ತಟ್ಟನೆ ಮೇಲಕ್ಕೆ ತರಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಸ್ವರ ಕೆಡುತ್ತದೆ. ಅದಕ್ಕೆ ತೆಳು ಎಣ್ಣೆಯೇ ಬೇಕು.

"ಎರಡನೇದು ಜಡ ಆಗೇತಿ ಲೇ," ಎಂದ ಅಣ್ಣ. "ಎಣ್ಣಿ ಹಾಕಿದ್ರೂ ಮ್ಯಾಲ ಬರಾಕ ವಿಚಾರ ಮಾಡತೈತಿ."

"ವಯಸ್ಸಾಗೇತಿ ಅಣ್ಣಾ."

"ಯಾರಿಗಿ?"

"ಇಬ್ಬರಿಗೂ."

ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ನಕ್ಕಳು. ಅಣ್ಣ ಅಂಗಿಯ ಕಿಸೆಯಿಂದ ಮೌತ್‌ಪೀಸ್ ತೆಗೆದು ಬಾಯಿಗಿಟ್ಟು ಬಾತುಕೋಳಿಯ ಹಾಗೆ ಒಂದು ಸದ್ದು ಹೊರಡಿಸಿದ. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. "ನಗಬ್ಯಾಡಾ ತಂಗಿ, ಇನ್ನೂ ದಮ್ಮ ಐತಿ," ಎಂದ.

ಟ್ರಂಪೆಟ್ ಬ್ಯಾಂಡಿನ ಖೋಲಿಯಲ್ಲಿದ್ದರೂ ತುಟಿಗೆ ಇಡುವ ಆ ಬೆಳ್ಳಿ ಬಣ್ಣದ ಸಣ್ಣ ಬಟ್ಟಲನ್ನು ಅವನು ಎಂದೂ ಅಲ್ಲಿ ಬಿಡುತ್ತಿರಲಿಲ್ಲ. ಅದು ಹಲ್ಲುಜ್ಜುವ ಬ್ರಶ್ಶಿನ ಹಾಗೆ, ಇನ್ನೊಬ್ಬರ ಬಾಯಿಗೆ ಹೋಗಬಾರದು ಎನ್ನುತ್ತಿದ್ದ. ಮೂವತ್ತು ವರ್ಷ ಅದು ಅವನ ಎದೆಯ ಕಿಸೆಯಲ್ಲೇ ಇತ್ತು. ಅವನ ಎಲ್ಲ ಅಂಗಿಗಳ ಆ ಕಿಸೆ ಜೋತು ಬಿದ್ದಿರುತ್ತಿತ್ತು.

"ನಾಳಿ ಒಂದು ವರಾತ್ ಐತಿ. ಸೋಮವಾರ ಟ್ರಂಪೆಟ್ ತರ್ತೇನಿ, ಬಿಚ್ಚಿ ನೋಡ್ತಿ?"

"ಏಳು ಮಷಿನ್ ಅದಾವ ನೋಡು. ಬುಧವಾರ ತಾ. ಸಾವಕಾಶ ಬಿಚ್ಚೂಣು."

"ಬುಧವಾರ. ಆತು."

ಎಣ್ಣೆಯ ಬಾಟಲಿ ತಗೊಂಡು ಹೋದ. ನಾನು ತಲೆ ಎತ್ತಿ ನೋಡಲಿಲ್ಲ.

ಮರುದಿನ ಮಿರಜದಲ್ಲಿ ಮದುವೆಯ ಮೆರವಣಿಗೆ ನಡೆಯುತ್ತಿದ್ದಾಗ, ಹಾಡಿನ ನಡುವೆ ಅಣ್ಣ ಊದುವುದನ್ನು ನಿಲ್ಲಿಸಿ ರಸ್ತೆಯ ಅಂಚಿನಲ್ಲಿ ಕೂತನಂತೆ. ಟ್ರಂಪೆಟ್ ಕೈಯಿಂದ ಜಾರಿ ಕಟ್ಟೆಯ ಕಲ್ಲಿಗೆ ಬಡಿಯಿತು. ಮೌತ್‌ಪೀಸ್ ಸಿಡಿದು ಎಲ್ಲೋ ಹೋಯಿತು. ಮುಂದೆ ಕುಣಿಯುತ್ತಿದ್ದವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ದವಾಖಾನೆ ಹತ್ತಿರವೇ ಇತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಹೋಗಿದ್ದ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಆ ರಸ್ತೆಗೆ ಹೋದೆ. ಗಟಾರದಲ್ಲಿ, ಟೈರಿನ ಅಂಗಡಿಯ ಮುಂದಿನ ಮಣ್ಣಿನಲ್ಲಿ, ಕಟ್ಟೆಯ ಸಂದುಗಳಲ್ಲಿ ಹುಡುಕಿದೆ. ಕಸ ಗುಡಿಸುವ ಹೆಣ್ಣುಮಗಳಿಗೆ ಹೇಳಿ ಬಂದೆ. ಎರಡು ಸಲ ಮತ್ತೆ ಹೋದೆ. ಆಮೇಲೆ ಹೋಗುವುದನ್ನು ಬಿಟ್ಟೆ.

ಬ್ಯಾಂಡಿನವರು ಟ್ರಂಪೆಟ್ಟನ್ನು ಅವನ ಕೆಂಪು ಕೋಟಿನಲ್ಲಿ ಸುತ್ತಿ ವೈನಿಗೆ, ಅಂದರೆ ನನ್ನ ಅತ್ತಿಗೆಗೆ, ಒಪ್ಪಿಸಿ ಹೋದರು. ಅದು ಹಾಗೆಯೇ ಕಪಾಟಿನಲ್ಲಿ ಉಳಿಯಿತು. ಖಂಡೇನವಮಿಯ ದಿನ ಮಾತ್ರ ಹೊರಗೆ ಬಂತು.

ನಮ್ಮ ಮನೆಗಳಲ್ಲಿ ಆ ದಿನ ಕುಡುಗೋಲಿನಿಂದ ಹಿಡಿದು ಅಂಗಡಿಯ ಸ್ಕ್ರೂಡ್ರೈವರ್‌ವರೆಗೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಭಂಡಾರದ ಅರಿಶಿನಪುಡಿ ಹಚ್ಚಿ ಪೂಜೆ ಮಾಡುತ್ತೇವೆ. ಪ್ರತಿ ವರ್ಷ ಅಣ್ಣನೇ ತನ್ನ ಟ್ರಂಪೆಟ್ ಒರೆಸಿ ಮಣೆಯ ಮೇಲೆ ಇಡುತ್ತಿದ್ದ. ಆ ವರ್ಷ ವೈನಿ ಅದನ್ನು ಹಿತ್ತಾಳೆ ತಂಬಿಗೆಯ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಬಂಗಾರದ ಹಾಗೆ ಹೊಳೆಯಿತು. ಎಣ್ಣೆ ಹಾಕುವ ಕೆಲಸ ನನ್ನದಾಯಿತು. ಮಷಿನ್ ಎಣ್ಣೆಗೆ ರಾಕೇಲಿನ, ಅಂದರೆ ಸೀಮೆಎಣ್ಣೆಯ ವಾಸನೆ, ಅದನ್ನು ದೇವರ ಮುಂದೆ ತರುವುದಿಲ್ಲ. ವೈನಿ ದೀಪಕ್ಕೆಂದು ಇಟ್ಟಿದ್ದ ಕೊಬ್ಬರಿ ಎಣ್ಣೆಯ ಬಟ್ಟಲು ಕೊಟ್ಟರು. ನಾನು ಮೂರೂ ಗುಂಡಿಗಳನ್ನು ಮೇಲೆತ್ತಿ ಒಂದೊಂದು ಚಮಚ ಹೊಯ್ದೆ. ಮೇಲೆ ಭಂಡಾರ ಉದುರಿಸಿದೆ.

ಮಷಿನಿಗೆ ಕೊಬ್ಬರಿ ಎಣ್ಣೆ ಹಾಕಬೇಡಿರಿ, ಥಂಡಿಗೆ ಹೆಪ್ಪುಗಟ್ಟುತ್ತದೆ ಎಂದು ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಬೈಯುತ್ತ ಬಂದವನು ನಾನು. ಆ ದಿನ ಅದು ನೆನಪಾಗಲಿಲ್ಲ. ಪೂಜೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮಾರ್ಗಶಿರದ ಥಂಡಿಯಲ್ಲಿ ಒಂದು ಬೆಳಗ್ಗೆ ವೈನಿ ಟ್ರಂಪೆಟ್ ಹಿಡಿದುಕೊಂಡು ಅಂಗಡಿಗೆ ಬಂದರು. ಅಣ್ಣನ ಮಗಳ ಲಗ್ನ ಅವನಿದ್ದಾಗಲೇ ನಿಶ್ಚಯವಾಗಿತ್ತು. ಸಾವಾದ ಮನೆಯಲ್ಲಿ ವರ್ಷದೊಳಗೆ ಲಗ್ನ ಮಾಡಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎಂದು ಆರಗ ಊರಿನ ನಮ್ಮ ಹಿರಿಯರು ಹೇಳಿದ್ದರಿಂದ ಹತ್ತು ದಿನದಲ್ಲಿ ಮುಹೂರ್ತ ಇಟ್ಟಿದ್ದರು. ಮಗಳನ್ನು ಕಳಿಸುವಾಗ ಬ್ಯಾಂಡಿನ ಮುಂದೆ ನಿಂತು ತಾನೇ ಊದುತ್ತೇನೆ ಎಂದು ಅಣ್ಣ ವರ್ಷಗಳಿಂದ ಹೇಳುತ್ತಿದ್ದ.

"ಭಾವೂಜಿ, ಇದು ಊದಬೇಕು," ಎಂದರು ವೈನಿ. "ಎಲ್ಲಾರೂ ಫೋಟೋ ಇಡೂಣು, ಬಾಜೂಕ ಇದನ್ನೂ ಇಡೂಣು ಅನ್ನಾಕ್ಹತ್ಯಾರ. ಹಾರ ಹಾಕಿಸ್ಕೊಂಡು ಕುಂದ್ರಾಕ ಇದೇನ್ ಸತ್ತೈತೇನ್ರಿ?"

"ಮಾಸ್ತರ ಏನಂದ್ರು?"

ಮಾಸ್ತರ ಎಂದರೆ ಬ್ಯಾಂಡಿನ ಮುಖ್ಯಸ್ಥ. "ಮಂಗಳವಾರ ಸಂಜಿಗಿ ಬಂದು ಒತ್ತಿ ನೋಡ್ತೇನಿ ಅಂದಾರ. ಒಂದ ಗುಂಡಿ ತಡದ್ರೂ ತಗೊಳ್ಳಂಗಿಲ್ಲಂತ. ಲಗ್ನದಾಗ ನಡುವ ನಿಂತ್ರ ನಿಮ್ಮ ಮನಿಯವರ ಹೆಸರ ಹೋಗತೈತಿ, ಅದಕ್ಕಿಂತ ನಮ್ಮ ಹೊಸಾದ್ ತರ್ತೇವಿ ಅಂದಾರ."

ಅದು ಗುರುವಾರ. ನಾನು ಗುಂಡಿಗಳನ್ನು ಒತ್ತಿದೆ. ಒಂದನೆಯದು ಇಳಿದು ಅಲ್ಲೇ ಕೂತಿತು. ಎರಡನೆಯದು ಅಲುಗಲೇ ಇಲ್ಲ. ಮೂರನೆಯದು ಇಳಿದು, ಬಾವಿಯಿಂದ ಕೊಡ ಸೇದಿದ ಹಾಗೆ ನಿಧಾನ ಮೇಲೆ ಬಂತು.

"ನಾ ತಿಕ್ಕಬಾರದಾಗಿತ್ತೇನ್ರಿ?" ಎಂದು ವೈನಿ ಕೇಳಿದರು.

"ತಿಕ್ಕಿದ್ದು ಹೊರಗ, ವೈನಿ. ಕೆಟ್ಟದ್ದು ಒಳಗ. ಎಣ್ಣಿ ಹಾಕಿದಾಂವ ನಾನು."

ಅವರು ಹೋದ ಮೇಲೆ ಮೇಜಿನ ಮೇಲೆ ಹಳೆಯ ಬಿಳಿ ಪಂಜೆ ಹಾಸಿದೆ. ಮೇಲಿನ ಮುಚ್ಚಳಗಳು ಕೈಯಿಂದಲೇ ತಿರುಗಿದವು. ಪಿಸ್ಟನ್ನುಗಳು ಬರಲಿಲ್ಲ. ಪಕ್ಕಡ್ ಹಿಡಿದು ಎಳೆಯಲು ಕೈ ತುರಿಸಿತು. ಆದರೆ ಅಂಟಿದ್ದನ್ನು ಎಳೆದರೆ ದಂಡ ಬಾಗುತ್ತದೆ ಎಂದು ಮಷಿನುಗಳಿಂದಲೇ ಕಲಿತಿದ್ದೆ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕೊಳವೆಗಳಿಗೆ ಸುತ್ತಿದೆ. ಆರಿದ ಮೇಲೆ ಮತ್ತೆ ಅದ್ದಿ ಸುತ್ತಿದೆ. ನಾಲ್ಕನೆಯ ಸಲಕ್ಕೆ ಒಳಗಿನ ಎಣ್ಣೆ ಕರಗಿ ಒಂದನೆಯ ಪಿಸ್ಟನ್ ಬೆರಳ ತುದಿಗೆ ಬಂತು. ಅದರ ಮೈಗೆಲ್ಲ ಹಳದಿ ಮುಲಾಮು. ಕೊಬ್ಬರಿ ಎಣ್ಣೆಯೂ ಭಂಡಾರವೂ ಕೂಡಿ ಆದದ್ದು. ಮೂಗಿಗೆ ಹಿಡಿದೆ. ದೇವರ ಮನೆಯ ವಾಸನೆ ಬಂತು.

ಮೂರನೆಯದೂ ಹಾಗೆಯೇ ಬಂತು. ಎರಡನೆಯದಕ್ಕೆ ಎರಡು ಹನಿ ರಾಕೇಲು ಬಿಟ್ಟು, ಮಧ್ಯಾಹ್ನದ ತನಕ ಕಾದು, ಕೆಳಗಿನಿಂದ ಕಟ್ಟಿಗೆಯ ಕಡ್ಡಿಯಿಂದ ಮೆಲ್ಲಗೆ ತಳ್ಳಬೇಕಾಯಿತು. ಕೆಳಗಿನ ಮುಚ್ಚಳ ತೆಗೆದಾಗ ಸ್ಪ್ರಿಂಗ್ ಹಾರಿ ಮಷಿನುಗಳ ನಡುವೆ ಬಿತ್ತು. ಅದನ್ನು ಹುಡುಕಲು ಅರ್ಧ ತಾಸು ಹಿಡಿಯಿತು. ಆಮೇಲೆ ಮೂರು ಸ್ಟೀಲಿನ ಬಟ್ಟಲು ತಂದು ಒಂದೊಂದರಲ್ಲಿ ಒಂದೊಂದು ಪಿಸ್ಟನ್, ಅದರ ಸ್ಪ್ರಿಂಗ್, ಅದರ ಮುಚ್ಚಳ ಹಾಕಿಟ್ಟೆ.

ಪಿಸ್ಟನ್ನುಗಳನ್ನು ಹಳೆಯ ಮಲ್‌ಮಲ್ ಬಟ್ಟೆಯಿಂದ ಮಾತ್ರ ಒರೆಸಿದೆ. ಎಳೆ ಬಿಡುವ ಬಟ್ಟೆಯಾದರೆ ಒಂದು ಎಳೆ ಸಾಕು, ಮತ್ತೆ ತಡೆಯುತ್ತದೆ. ಅವುಗಳ ಅಡ್ಡಕ್ಕೆ ಗಾಳಿ ಹೋಗುವ ತೂತುಗಳಿವೆ. ಅಲ್ಲಿಯೂ ಹಳದಿ ಗಸಿ ಕೂತಿತ್ತು. ಕೊಳವೆಗಳೊಳಗೆ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ, ತಿರುವುತ್ತ ಮೇಲಿಂದ ಕೆಳಗೆ ಒಂದೇ ದಿಕ್ಕಿಗೆ ಎಳೆದೆ. ಮೂರನೆಯದರ ಕೆಳಮುಚ್ಚಳದ ನಡುವೆ ಒಂದು ಸಣ್ಣ ತೂತು ಮುಚ್ಚಿಹೋಗಿತ್ತು. ಅದು ಇರುವುದೇ ಪಿಸ್ಟನ್ನಿನ ಕೆಳಗಿನ ಗಾಳಿ ಹೋಗಿ ಬರಲಿಕ್ಕೆ. ಮಷಿನಿನ ಸೂಜಿಯಿಂದ ಬಿಡಿಸಿದೆ. ಮೂರನೆಯದರ ರೋಗ ಅಷ್ಟೇ ಆಗಿತ್ತು.

ಶುಕ್ರವಾರ ಅಗಲವಾದ ತಗಡಿನ ಬುಟ್ಟಿಯಲ್ಲಿ ಉಗುರುಬೆಚ್ಚನೆಯ ನೀರಿಗೆ ಶಾಂಪೂ ಹಾಕಿ ಟ್ರಂಪೆಟ್ಟಿನ ಮೈ ತೊಳೆಯುತ್ತಿದ್ದೆ. ಅಣ್ಣನ ಮಗಳು ಬಸ್ಟಾಂಡಿಗೆ ಹೋಗುವ ದಾರಿಯಲ್ಲಿ ಬಂದು ನಿಂತಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ.

"ಕಾಕಾ, ಬಾಳಾಲಾ ಅಂಘೋಳ?" ಎಂದಳು. ಕೂಸಿಗೆ ಸ್ನಾನವೇ ಎಂದು.

"ಹೂಂ. ಸಾಬಣ ಕಣ್ಣಾಗ ಹೋಗದಂಗ ಹಿಡಿ ಬಾ."

ಅವಳು ಪರ್ಸು ಬದಿಗಿಟ್ಟು, ತೋಳು ಮಡಚಿ, ಗಂಟೆಯಂತಿರುವ ದೊಡ್ಡ ಬಾಯಿಯನ್ನು ಹಿಡಿದಳು. ನಾನು ಒಂದು ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಉದ್ದದ ಕೊಳವೆಯೊಳಗೆ ಬಿಟ್ಟು ಆ ತುದಿಯಿಂದ ಎಳೆದೆ. ಕಪ್ಪು ನೀರು ಬಂತು. ಅದರ ಹಿಂದೆ ಕೆಂಪಗಿನ ಸಣ್ಣ ಚೂರುಗಳು ಬಂದವು.

"ಹೇ ಕಾಯ್?" ಇದೇನು ಎಂದು ಅವಳು ಕೇಳಿದಳು.

ಬೆರಳಿನಿಂದ ಹಿಚುಕಿ ನೋಡಿದೆ. ಅಡಿಕೆ. ಎಲೆ ಅಡಿಕೆ ಬಾಯಲ್ಲಿ ಇಟ್ಟುಕೊಂಡೇ ಊದುತ್ತಾನೆ ಎಂದು ಮಾಸ್ತರ ಅವನಿಗೆ ಬೈಯದ ದಿನವಿರಲಿಲ್ಲ. ಇಬ್ಬರೂ ನಗಲು ಹೋದೆವು. ನಗು ಅರ್ಧಕ್ಕೆ ನಿಂತಿತು. ಅವಳು ಆ ನೀರನ್ನು ಚೆಲ್ಲಲು ಬಿಡಲಿಲ್ಲ. ತಾನೇ ಬುಟ್ಟಿ ಎತ್ತಿಕೊಂಡು ಹೋಗಿ ಅಂಗಡಿಯ ಹಿಂದಿನ ಬೇವಿನ ಬುಡಕ್ಕೆ ಹಾಕಿ ಬಂದಳು.

ಶನಿವಾರ ಜೋಡಿಸಿದೆ. ಮಷಿನ್ ಎಣ್ಣೆ ಮೂರು ಮೂರು ಹನಿ ಹಾಕಿದೆ. ಒಂದನೆಯದೂ ಮೂರನೆಯದೂ ಟಕಟಕ ಎದ್ದವು. ಬ್ಯಾಂಡಿನವರಿಂದ ಒಂದು ಹಳೆಯ ಮೌತ್‌ಪೀಸ್ ಕೇಳಿ ತಂದಿದ್ದೆ. ಊದಿದರೆ ಗಾಳಿ ಹೋಗಲೇ ಇಲ್ಲ. ಗಲ್ಲ ಉಬ್ಬಿ ಕಣ್ಣಲ್ಲಿ ನೀರು ಬಂತು. ಮತ್ತೆ ಬಿಚ್ಚಿದೆ. ಪಿಸ್ಟನ್ನಿನ ಮೇಲೆ ಕೊರೆದ ಅಂಕಿಗಳು ಸವೆದಿದ್ದವು. ಒರೆಸುವಾಗ ಬಟ್ಟಲು ಅದಲುಬದಲಾಗಿ ಒಂದನೆಯದನ್ನು ಮೂರನೆಯದರ ಮನೆಯಲ್ಲಿ ಇಳಿಸಿದ್ದೆ. ಎರಡೂ ಚೆನ್ನಾಗಿ ಜಾರುತ್ತಿದ್ದರಿಂದ ತಿಳಿದಿರಲಿಲ್ಲ. ಭೂತಗನ್ನಡಿ ಹಾಕಿ ಅಂಕಿ ಓದಿ ಸರಿಮಾಡಿದೆ. ಗಾಳಿ ಹೋಯಿತು. ಒಂದು ಎಮ್ಮೆಯಂಥ ಸದ್ದು ಬಂತು. ಎದುರಿನ ಚಹಾದವನು ಕೈ ಮುಗಿದ.

ಉಳಿದದ್ದು ಎರಡನೆಯದು. ಒತ್ತಿದರೆ ಇಳಿಯುತ್ತಿತ್ತು. ಮೇಲೆ ಬರುವಾಗ ನಡುವೆ ಒಂದು ಕಡೆ ತಡೆದು ಆಮೇಲೆ ಬರುತ್ತಿತ್ತು. ಸ್ಪ್ರಿಂಗ್ ಸೋತಿರಬೇಕು ಎಂದು ಒಂದನೆಯದರ ಸ್ಪ್ರಿಂಗ್ ಹಾಕಿದೆ. ಆಗಲೂ ತಡೆಯಿತು. ಎರಡನೆಯ ಪಿಸ್ಟನ್ನನ್ನು ಒಂದನೆಯ ಕೊಳವೆಯಲ್ಲಿ ಬಿಟ್ಟೆ, ಸಲೀಸಾಗಿ ಜಾರಿತು. ಒಂದನೆಯ ಪಿಸ್ಟನ್ನನ್ನು ಎರಡನೆಯ ಕೊಳವೆಯಲ್ಲಿ ಬಿಟ್ಟೆ, ಅದೇ ಆಳದಲ್ಲಿ ತಡೆಯಿತು. ಹಾಗಾದರೆ ದೋಷ ಪಿಸ್ಟನ್ನಿನದಲ್ಲ, ಕೊಳವೆಯದು.

ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಒಂದು ಬದಿಯಲ್ಲಿ ಕೂದಲಿನಷ್ಟು ಉಬ್ಬು. ಹೊರಗೆ ಅದೇ ಜಾಗದಲ್ಲಿ ಎರಡನೆಯ ಕೊಳವೆಗೆ ಬೆಸೆದ ಸಣ್ಣ ಬಾಗಿದ ನಳಿಗೆ ಇದೆ. ಟ್ರಂಪೆಟ್ಟಿನ ಬದಿಯಲ್ಲಿ ಮೊಣಕೈಯ ಹಾಗೆ ಹೊರಗೆ ಚಾಚಿಕೊಂಡಿರುತ್ತದೆ. ಅದರ ಮೂಲೆ ತಗ್ಗಾಗಿತ್ತು. ತಗ್ಗಿನೊಳಗೆ ಕಲ್ಲಿನ ಗೀರು ಇತ್ತು. ಬಿದ್ದಾಗ ಅದೇ ಮೊದಲು ಕಟ್ಟೆಗೆ ಬಡಿದಿದೆ. ಬಡಿದ ಪೆಟ್ಟು ಒಳಗಿನ ಕೊಳವೆಯನ್ನು ಅಷ್ಟು ಒತ್ತಿದೆ.

ಆದರೆ ಬೀಳುವುದಕ್ಕೆ ಒಂದು ದಿನ ಮೊದಲೇ ಅಣ್ಣ ಅದು ಜಡವಾಗಿದೆ ಎಂದಿದ್ದ. ಆ ಜಡ್ಡು ಏನಿತ್ತೋ. ಗಸಿ ಇದ್ದಿರಬಹುದು, ಅಡಿಕೆಯ ಚೂರು ಇದ್ದಿರಬಹುದು. ತೊಳೆದುದರಲ್ಲಿ ಅದೂ ಹೋಗಿದೆ. ಹತ್ತು ನಿಮಿಷದ ಕೆಲಸವಾಗಿತ್ತೋ ಏನೋ.

ನನ್ನ ಗೂಡಿನಲ್ಲಿ ಒಂದು ಡಬ್ಬಿ ಇದೆ. ಮಷಿನಿನ ಶಟಲ್ಲಿನ ಗೀರುಗಳನ್ನು ತಿಕ್ಕಿ ನುಣುಪು ಮಾಡುವ ನಯವಾದ ಪೇಸ್ಟು. ಪಿಸ್ಟನ್ನಿಗೆ ಅದನ್ನು ಸವರಿ ಕೊಳವೆಯಲ್ಲಿ ಹತ್ತಿಪ್ಪತ್ತು ಸಲ ತಿರುವಿದರೆ ಆ ಕೂದಲಿನಷ್ಟು ಉಬ್ಬು ಸವೆದುಹೋಗುತ್ತದೆ. ಅರ್ಧ ತಾಸು ಸಾಕು. ನನಗೆ ಬರುವ ಕೆಲಸ. ಡಬ್ಬಿ ತೆಗೆದು ಬೆರಳಿಗೆ ಹಚ್ಚಿಕೊಂಡೂ ಆಗಿತ್ತು.

ಆಗ ಯೋಚಿಸಿದೆ. ತಿಕ್ಕಿದರೆ ಉಬ್ಬು ಮಾತ್ರ ಸವೆಯುವುದಿಲ್ಲ. ಪಿಸ್ಟನ್ನೂ ಸವೆಯುತ್ತದೆ, ಕೊಳವೆಯೂ ಸವೆಯುತ್ತದೆ. ಮಂಗಳವಾರ ಮಾಸ್ತರ ಒತ್ತಿ ನೋಡಿದಾಗ ಗುಂಡಿ ಏಳುತ್ತದೆ, ಲಗ್ನದ ದಿನವೂ ಏಳುತ್ತದೆ. ಆಮೇಲೆ ಸಂದಿನಲ್ಲಿ ಗಾಳಿ ಸೋರುತ್ತದೆ. ಸವೆದ ಹಿತ್ತಾಳೆಯನ್ನು ಯಾರೂ ಮತ್ತೆ ಹಚ್ಚಲಾರರು. ಏಳು ಮಷಿನುಗಳ ಗಡಿಬಿಡಿಯಲ್ಲಿ ತಲೆ ಎತ್ತದೆ ಬುಧವಾರ ತಾ ಎಂದದ್ದು ನಾನು ಒಮ್ಮೆ ಮಾಡಿದ ಅವಸರ. ಇದು ಎರಡನೆಯದಾಗುತ್ತಿತ್ತು. ಬೆರಳನ್ನು ಪಂಜೆಗೆ ಒರೆಸಿಕೊಂಡು ಡಬ್ಬಿ ಮುಚ್ಚಿದೆ.

ಸೋಮವಾರ ಮಿರಜಕ್ಕೆ ಹೋದೆ. ತಂತಿವಾದ್ಯಗಳ ಅಂಗಡಿಗಳಿರುವ ಓಣಿಯನ್ನು ದಾಟಿ ಒಳಗೆ ಒಬ್ಬ ಮುದುಕರು ಬ್ಯಾಂಡಿನ ವಾದ್ಯ ರಿಪೇರಿ ಮಾಡುತ್ತಾರೆ. ವಯಸ್ಸಾಯಿತೆಂದು ಕೆಲಸ ಕಡಿಮೆ ಮಾಡಿದ್ದಾರೆ ಎಂದು ಕೇಳಿದ್ದೆ. ಟ್ರಂಪೆಟ್ ಕೊಟ್ಟೊಡನೆ ತಿರುವಿ ನೋಡಿದರು.

"ಇದು ಎಲಿ ಅಡಿಕಿ ಹಾಕ್ಕೊಂಡು ಊದಾಂವಂದು."

"ಹೌದ್ರಿ. ನಮ್ಮಣ್ಣ."

ಗುಂಡಿಗಳನ್ನು ಒತ್ತಿ ನೋಡಿ ಎರಡನೆಯ ಪಿಸ್ಟನ್ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಕೊಳವೆಯೊಳಗೆ ಬೆರಳು ಹಾಕಿ ಸವರಿದರು. "ಒಳಗ ಪಾಲಿಶ್ ಗಿಲಿಶ್ ತಿಕ್ಕೀಯೇನು?"

"ಇಲ್ರಿ. ತಿಕ್ಕಬೇಕಂತ ಬೆರಳಿಗಿ ಹಚ್ಚಿದ್ದೆ."

"ತಿಕ್ಕಿದ್ರ ಇದನ್ನ ತಗೊಂಡು ಮನಿಗಿ ಹೋಗಿ ಗ್ವಾಡಿಗಿ ಹಾಕು ಅಂತಿದ್ದೆ. ಶಾಣ್ಯಾ ಅದಿ. ಕುಂದ್ರು."

ಅವರು ಗೋಣಿಚೀಲದಿಂದ ನುಣ್ಣಗಿನ ಉಕ್ಕಿನ ಸರಳುಗಳನ್ನು ತೆಗೆದು ಒಂದೊಂದನ್ನೇ ಕೊಳವೆಗೆ ಹಿಡಿದು ನೋಡಿದರು. ಸರಿಹೊಂದಿದ್ದಕ್ಕೆ ಎಣ್ಣೆ ಸವರಿ ಒಳಗೆ ಇಳಿಸಿದರು. ಉಬ್ಬು ಬಂದ ಕಡೆ ಅದು ನಿಂತಿತು. ಚರ್ಮ ಸುತ್ತಿದ ಕೊಡತಿಯಿಂದ ಸರಳಿನ ತಲೆಗೆ ಉಗುರಿನಿಂದ ತಟ್ಟಿದಷ್ಟೇ ಮೆಲ್ಲಗೆ ತಟ್ಟುತ್ತ, ಇನ್ನೊಂದು ಕೈಯಿಂದ ಹೊರಗಿನ ನಳಿಗೆಯನ್ನು ತಮ್ಮ ಕಡೆಗೆ ಸೆಳೆಯುತ್ತಿದ್ದರು. ಸರಳು ಒಮ್ಮೆಲೇ ಜಾರಿ ಕೆಳಗಿನಿಂದ ಹೊರಬಂತು. ಪಿಸ್ಟನ್ ಹಾಕಿ ಒತ್ತಿದರು. ಎದ್ದಿತು. ಮತ್ತೆ ಒತ್ತಿದರು. ಎದ್ದಿತು.

"ಈ ಮೂಲೀದು ತಗ್ಗೂ ತಗದ್ಬಿಡ್ಲೇನು? ಹತ್ತ ನಿಮಿಷದ ಕೆಲಸ."

ಕಲ್ಲಿನ ಗೀರು ಇದ್ದ ತಗ್ಗು ಅದು. "ಅದರಿಂದ ಸ್ವರಕ್ಕ ಏನರ ಅಡಚಣಿ ಆಗತೈತೇನ್ರಿ?"

"ಏನೂ ಇಲ್ಲ. ನೋಡಾಕ ಅಷ್ಟ."

"ಹಂಗಾರ ಇರ್ಲಿ ಬಿಡ್ರಿ."

ಅವರು ಟ್ರಂಪೆಟ್ಟನ್ನು ಒರೆಸಿ ನನ್ನ ಕೈಗೆ ಕೊಟ್ಟರು.

ಮಂಗಳವಾರ ಸಂಜೆ ಮಾಸ್ತರ ವೈನಿಯ ಮನೆಗೆ ಬಂದರು. ಜೊತೆಗೆ ಮ್ಹೈಸಾಳ ಊರಿನ ಒಬ್ಬರು. ಬ್ಯಾಂಡಿನ ಸಾಲಿನಲ್ಲಿ ಹದಿನೈದು ವರ್ಷ ಅಣ್ಣನ ಎಡಕ್ಕೆ ನಿಂತು ಟ್ರಂಪೆಟ್ ಊದಿದವರು. ಮಾಸ್ತರ ಟ್ರಂಪೆಟ್ಟನ್ನು ಕಿವಿಯ ಹತ್ತಿರ ಹಿಡಿದು, ಊದದೆ, ಮೂರು ಬೆರಳಿನಿಂದ ಗುಂಡಿಗಳನ್ನು ಮಳೆ ಬಿದ್ದ ಹಾಗೆ ಒತ್ತುತ್ತ ಹೋದರು. ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲಲ್ಲಿ ನಿಂತಿದ್ದರು. ಮಾಸ್ತರ ಎರಡನೆಯದನ್ನು ಮಾತ್ರ ಮತ್ತೆ ಮತ್ತೆ ಒತ್ತಿದರು, ಅರ್ಧಕ್ಕೆ ಒತ್ತಿ ಬಿಟ್ಟರು, ಓರೆಯಾಗಿ ಒತ್ತಿ ಬಿಟ್ಟರು.

"ಏನ್ರಿ ಮಾಸ್ತರ, ಗುಂಡಿ ಕಿತ್ತ ಹೋಗೂತನಾ ಒತ್ತಾವ್ರೇನ್ರಿ?" ಎಂದರು ವೈನಿ.

"ಅವ್ನ ಕೈಯಾಗ ಇದ್ದಾಗನೂ ಇಷ್ಟ ಸಾಫ್ ಇರಲಿಲ್ರಿ ವೈನಿ," ಎಂದರು ಮಾಸ್ತರ. ಆಮೇಲೆ ನನ್ನ ಕಡೆ ತಿರುಗಿ, "ಮೌತ್‌ಪೀಸ್?"

"ಸಿಗಲಿಲ್ರಿ."

ಮ್ಹೈಸಾಳದವರು ತಮ್ಮ ಕಿಸೆಯಿಂದ ತಮ್ಮದನ್ನು ತೆಗೆದು ಟ್ರಂಪೆಟ್ಟಿಗೆ ಸಿಕ್ಕಿಸಿದರು.

ಲಗ್ನದ ದಿನ ಅಕ್ಷತೆ ಮುಗಿದು, ಊಟ ಮುಗಿದು, ಬಿಸಿಲು ಇಳಿಯುವ ಹೊತ್ತಿಗೆ ಮಗಳನ್ನು ಕಳಿಸಿದೆವು. ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಮ್ಹೈಸಾಳದವರು ನಿಂತು ಊದಿದರು. ಅದು ಯಾವ ಹಾಡು ಎಂದು ಆಮೇಲೆ ಬೇರೆಯವರು ಹೇಳಿದ ಮೇಲೆ ನನಗೆ ತಿಳಿಯಿತು. ನಾನು ಅವರ ನಡುಬೆರಳನ್ನು ನೋಡುತ್ತ ನಿಂತಿದ್ದೆ. ಇಳಿದಾಗಲೆಲ್ಲ ಎದ್ದಿತು. ಒಂದು ಸಲವೂ ತಡೆಯಲಿಲ್ಲ. ಹುಡುಗಿ ಕಾರು ಹತ್ತುವ ಮೊದಲು ಬ್ಯಾಂಡಿನ ಮುಂದೆ ನಿಂತಳು. ವೈನಿ ಅವಳ ಭುಜ ಹಿಡಿದು ನಿಂತರು. ಹಾಡು ಮುಗಿಯುವ ತನಕ ಇಬ್ಬರೂ ಅಲುಗಲಿಲ್ಲ.

ನುಡಿಸಿದವರು ಚೆನ್ನಾಗಿಯೇ ನುಡಿಸಿದರು. ಅಣ್ಣನ ಸದ್ದಿನಲ್ಲಿ ಸ್ವಲ್ಪ ಒರಟುತನ ಇರುತ್ತಿತ್ತು. ಇವರದು ಸ್ವಚ್ಛ.

ವೈನಿ ಟ್ರಂಪೆಟ್ಟನ್ನು ಬ್ಯಾಂಡಿನಲ್ಲೇ ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಮ್ಹೈಸಾಳದವರು ಟ್ರಂಪೆಟ್ ಸಮೇತ ನನ್ನ ಅಂಗಡಿಗೆ ಬಂದು ಬಾಟಲಿಗೆ ಎಣ್ಣೆ ತುಂಬಿಸಿಕೊಂಡು ಹೋಗುತ್ತಾರೆ. ಬಂದಾಗ ಎಷ್ಟೇ ಮಷಿನುಗಳು ನೆಲದ ಮೇಲಿದ್ದರೂ ಎದ್ದು ಕೈತೊಳೆದುಕೊಂಡು ಎರಡನೆಯದನ್ನು ಬಿಚ್ಚಿ ಒರೆಸಿ ಕೊಡುತ್ತೇನೆ. ಈ ವರ್ಷದ ಖಂಡೇನವಮಿಗೆ ಭಂಡಾರವನ್ನು ಹೊರಗೆ ಮಾತ್ರ ಹಚ್ಚಿದೆವು.

ಮಿರಜಕ್ಕೆ ಹೋದಾಗ ಆ ರಸ್ತೆಯಲ್ಲಿ ಇಳಿದು ಟೈರಿನ ಅಂಗಡಿಯವನನ್ನು ಒಂದು ಮಾತು ಕೇಳಿ ಬರುತ್ತೇನೆ. ಅಣ್ಣನ ಮೌತ್‌ಪೀಸ್ ಇನ್ನೂ ಸಿಕ್ಕಿಲ್ಲ.